ಮಗು ಮಗುಚಿಕೊಂಡಿದ್ದಕ್ಕೆ ಲಾರಿ ನಂಬರು ಕೇಳಿದ ಬಗ್ಗೆ

ಹೆಬ್ಬಾಳ, ತಾ. ೧೫-೬-೧೯೭೯

ಇಂದ:
ಸೇತುರಾಮ, ಗುಮಾಸ್ತ, ಅಪಘಾತ ವರದಿ ಶಾಖೆ, ಲಾರಿ ಸಾಗಣೆ ಕಚೇರಿ

ಗೆ:
ಉಪೇಂದ್ರಯ್ಯನವರು, ಸೂಪರಿಂಟೆಂಡೆಂಟರು, ಅದೇ ಕಚೇರಿ, ಎದುರು ಮೇಜು

ವಿಷಯ: ‘ಓವರ್‌ಟರ್ನ್’ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ಕೂಸಿಗೆ ಬಳಸಿದ್ದಕ್ಕೆ ವಿವರಣೆ ಹಾಗೂ ಒಂದು ಪ್ರಾರ್ಥನೆ.

ಉಲ್ಲೇಖ: ಅರ್ಜಿದಾರನ ೧೩ನೇ ತಾರೀಖಿನ ರಜಾ ಚೀಟಿ, ಅದರ ಅಂಚಿನಲ್ಲಿ ತಾವು ಕೆಂಪು ಶಾಯಿಯಲ್ಲಿ ಬರೆದ ‘ಲಾರಿ ನಂಬರ್ ಎಷ್ಟು?’

ಮಾನ್ಯರೇ,

೧. ಅರ್ಜಿದಾರನಿಗೆ ಮದುವೆಯಾಗಿ ಹನ್ನೊಂದನೇ ವರ್ಷಕ್ಕೆ ಹೆಣ್ಣುಮಗು ಹುಟ್ಟಿತು. ಓರಗೆಯ ಮಕ್ಕಳೆಲ್ಲ ಐದು ತಿಂಗಳಿಗೇ ಬೋರಲು ಬಿದ್ದರೂ ಸದರಿ ಮಗು ಎಂಟು ತುಂಬಿದರೂ ಸೂರು ನೋಡುತ್ತ ಅಂಗಾತ ಮಲಗಿಯೇ ಇತ್ತು. ಡಾಕ್ಟರು “ನೋಡೋಣ” ಎಂದರು. ಆ ಒಂದು ಮಾತಿಗೆ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ.

೨. ೧೩ರ ಬೆಳಗ್ಗೆ ಅರ್ಜಿದಾರನ ತಾಯಿ ಗೋದಮ್ಮ ಎಂದಿನಂತೆ ಯುದ್ಧದ ಪದ್ಯ ಹೇಳಿಕೊಳ್ಳುತ್ತಿದ್ದರು. ರಥ ಉರುಳುವ ಜಾಗ ಬಂದಾಗ ಮಗು ತಾನೂ ಮಗುಚಿಕೊಂಡಿತು. “ಲೋ ಸೇತು, ಬಿತ್ತು ಕಣೋ, ಬೋರಲು ಬಿತ್ತು!” ಎಂದು ತಾಯಿ ಕೂಗಿದ್ದು ಗಂಗಾನಗರದ ಅರ್ಧ ಬೀದಿಗೆ ಕೇಳಿಸಿರುತ್ತದೆ.

೩. ಅಂಥ ದಿನ ಸೂರ್ಯ ಮುಳುಗುವ ಮೊದಲು ತಂದೆಯೇ ಕಾವಲಿಯ ಮೇಲೆ ಮೊದಲ ಹೋಳಿಗೆ ಮಗುಚಿ ಹಾಕಬೇಕೆಂಬುದು ಅರ್ಜಿದಾರನ ಮನೆಯ ಪದ್ಧತಿ. ಆದ್ದರಿಂದ ಅರ್ಧ ದಿನದ ರಜೆ ಬೇಕಾಯಿತು. ಚೀಟಿ ಇಂಗ್ಲಿಷಿನಲ್ಲೇ ಇರಬೇಕೆಂದು ತಮ್ಮ ಆಜ್ಞೆ. ಒಂಬತ್ತು ವರ್ಷ ಮಗುಚಿದ ಲಾರಿಗಳ ವರದಿ ಬರೆದೂ ಬರೆದೂ ಅರ್ಜಿದಾರನ ಕೈಗೆ ಹತ್ತಿರುವುದು ಆ ಒಂದೇ ಕ್ರಿಯಾಪದ. ಕಾರಣ, ‘ಬೇಬಿ ಓವರ್‌ಟರ್ನ್ಡ್’ ಎಂದೇ ಬರೆದನು.

೪. ತಾವು ಅಂದೇ ಕರೆಸಿ, “ಅರ್ಥ ಆಯ್ತು ಕಣ್ರೀ. ಆದ್ರೆ ಬಳಕೆ ಅನ್ನೋದಿದೆಯಲ್ಲ? ಲಾರಿ ಓವರ್‌ಟರ್ನ್ ಆಗುತ್ತೆ, ತೀರ್ಪು ಆಗುತ್ತೆ, ಸರ್ಕಾರಾನೂ ಆಗುತ್ತೆ. ಮಗು ಆಗಲ್ಲ” ಎಂದಿರಿ.

“ನಮ್ಮಲ್ಲಿ ‘ಮಗುಚು’ ಅನ್ನೋ ಒಂದೇ ಮಾತು ದೋಣಿಗೂ ಆಗುತ್ತೆ, ದೋಸೆಗೂ ಆಗುತ್ತೆ ಸಾರ್.”

“ಹಾಗಾದ್ರೆ ಅಪಘಾತದ ಫಾರಂ ತುಂಬ್ಕೊಂಡು ಬನ್ನಿ.”

ತುಂಬಲಾಗಿದೆ. ವಾಹನ: ಚಾಪೆ. ಚಾಲಕಿ: ತಾನೇ. ಸರಕು: ಬೆಳ್ಳಿ ಉಡಿದಾರ ಒಂದು. ತೆಗೆದುಕೊಂಡ ಸಮಯ: ಎಂಟು ತಿಂಗಳು. ನಷ್ಟ: ಇಲ್ಲ. ಕಾರಣ: ದೈವಕೃಪೆ.

ಫಾರಂ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೋಳಿಗೆಯನ್ನು ದೀಪ ಹಚ್ಚಿದ ಮೇಲೆ ಮಗುಚಲಾಯಿತು. ಮಗು ಮಲಗಿಬಿಟ್ಟಿತ್ತು.

೫. ಈಗಿನ ತೊಂದರೆ ಬೇರೆ. ಮಗುಚಿಕೊಳ್ಳಲು ಕಲಿತ ಮಗುವಿಗೆ ವಾಪಸು ಅಂಗಾತವಾಗಲು ಬರುತ್ತಿಲ್ಲ. ಕತ್ತೆತ್ತಿ, ಸೋತು, ಚಾಪೆಗೆ ಮುಖವಿಟ್ಟು ಅಳುತ್ತದೆ. ಪತ್ನಿ ನಾಗಮಣಿಗೆ ಕಾರ್ಖಾನೆಯಲ್ಲಿ ಎರಡನೇ ಪಾಳಿ. ತಾಯಿಗೆ ಸೊಂಟ ಹಿಡಿದಿದೆ. ಪದ್ಯ ಹೇಳಬಲ್ಲರು, ಬಗ್ಗಲಾರರು.

ಆದ್ದರಿಂದ ಪ್ರತಿದಿನ ಮೂರು ಗಂಟೆಗೆ, ಮಗು ನಿದ್ದೆಯಿಂದೆದ್ದು ಮಗುಚುವ ಹೊತ್ತಿಗೆ, ಅರ್ಜಿದಾರನು ಸೈಕಲ್ಲಿನಲ್ಲಿ ಹೋಗಿ ಅದನ್ನು ತಿರುಗಿಸಿ ಮಲಗಿಸಿ ಬರಲು ಅರ್ಧ ಗಂಟೆಯ ಅನುಮತಿ ಬೇಡುತ್ತಾನೆ.

ತಮ್ಮ ಎದುರು ಮೇಜಿನ ವಿಶ್ವಾಸಿ,
ಸೇತುರಾಮ

ಲಗತ್ತು:
ಅಪಘಾತದ ಫಾರಂ, ತಾಯಿಯ ಹೆಬ್ಬೆಟ್ಟಿನ ಸಾಕ್ಷಿ ಸಹಿತ.
ಹೋಳಿಗೆ ಎರಡು, ಬಾಳೆಲೆಯಲ್ಲಿ.
ಇಂಗ್ಲಿಷ್ ಅನುಮತಿ ಚೀಟಿ ಒಂದು.

ವಿ.ಸೂ.: ಚೀಟಿಯಲ್ಲಿ ಕ್ರಿಯಾಪದದ ಜಾಗ ಖಾಲಿ ಬಿಟ್ಟಿದೆ. ಸರಿಯಾದುದನ್ನು ತಾವೇ ತುಂಬಿ, ದಯವಿಟ್ಟು ಮೂರು ಗಂಟೆಯೊಳಗೆ ಕೊಡುವುದು. ಮಗು ಹೆಚ್ಚು ಹೊತ್ತು ಕತ್ತೆತ್ತಿಕೊಂಡಿರಲಾರದು.