ಹಂಪಯ್ಯ ಮಾಸ್ತರರ ಅಮೆರಿಕದ ಜೋಗುಳ

ಚಪ್ಪಾಳೆ ತಟ್ಟಬಾರದೆಂದು ಹಂಪಯ್ಯ ಮಾಸ್ತರರು ಅಪ್ಪಣೆ ಕೊಟ್ಟದ್ದೇ ಈ ಎಲ್ಲ ರಾಮಾಯಣಕ್ಕೆ ಮೂಲ.

ಅಂದು ಸಂಜೆ ರಾಯಚೂರಿನಲ್ಲಿ ಸ್ವಪ್ನಾಳ ಗಾಯನ. ಹೊರದೇಶದಲ್ಲಿ ಸಂಗೀತ ಕಲಿತು ಬಂದ ಊರಿನದೇ ಹುಡುಗಿ. ಮೊದಲರ್ಧ ಯುರೋಪಿನ ಹಾಡುಗಳು. ಅವು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಏನೇನಾದವು ಎಂಬುದು ಇನ್ನರ್ಧ. ಕಡೆಯದು ಒಂದು ಜೋಗುಳ. ಆ ಜೋಗುಳಕ್ಕಾಗಿಯೇ ಮಾಸ್ತರರು ಚಪ್ಪಲಿ ಸವೆಸಿ ಈ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅವರು ಮಾನ್ವಿಯ ಮಿಷನ್ ಶಾಲೆಯಲ್ಲಿ ಓದುವಾಗ ಅನ್ನಮ್ಮ ಟೀಚರು ಕಾಲಲ್ಲಿ ತುಳಿಯುವ ಹಾರ್ಮೋನಿಯಂ ನುಡಿಸುತ್ತ ಶನಿವಾರ ಶನಿವಾರ ಅದನ್ನೇ ಹಾಡುತ್ತಿದ್ದರು. ಟೀಚರಿಗೆ ವರ್ಗವಾದ ಮೇಲೆ ಆ ಹಾಡು ಮತ್ತೆ ಕಿವಿಗೆ ಬಿದ್ದಿರಲಿಲ್ಲ. ಸಾಯುವುದರೊಳಗೆ ಒಮ್ಮೆ ಕೇಳಬೇಕೆಂಬ ಆಸೆ ಅವರಿಗೆ.

"ಹಾಡಿನ ನಡುವ ಚಪ್ಪಾಳಿ ಬ್ಯಾಡ್ರಿ" ಎಂದಷ್ಟೇ ಸ್ವಪ್ನಾ ಹೇಳಿದ್ದಳು. ಮಾಸ್ತರರು ಮೈಕಿನಲ್ಲಿ ಅದಕ್ಕೆ ಖಾರ ಬೆರೆಸಿದರು: "ಯಾರರೆ ಚಪ್ಪಾಳಿ ಗಿಪ್ಪಾಳಿ ತಟ್ಟೀರಿ, ಹುಷಾರ್!"

ದೇವದುರ್ಗದ ಅಕ್ಕಿ ಗಿರಣಿಯ ಮುದುಕಪ್ಪ ಭಜನೆ ಮೇಳದವರು. ಸಾಲು ಸಾಲಿಗೂ "ಭಲೇ" ಎನ್ನದಿದ್ದರೆ ಅವರಿಗೆ ಹಾಡು ಇಳಿಯದು. ಪಾಪ, ಬಾಯಿಗೆ ಟವೆಲ್ ತುರುಕಿಕೊಂಡು ಕುಳಿತರು.

ಮೊದಲರ್ಧ ಮುಗಿಯಿತು. ಸ್ವಪ್ನಾ ತಲೆ ಬಾಗಿಸಿ ನಿಂತಳು. ಸಭೆ ಕೈಕಟ್ಟಿಕೊಂಡು ಮಿಕಿಮಿಕಿ ನೋಡಿತು. ಹುಡುಗಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

"ಮಂದಿಗೆ ಹಿಡಸ್ಲಿಲ್ರಿ ಸರ್. ಇನ್ನ ಹಾಡಂಗಿಲ್ಲ ನಾ."

ಹಿಂದೆಯೇ ಓಡಿ ಬಂದ ಮಾಸ್ತರರು ಕೈ ಮುಗಿದರು. "ಯವ್ವಾ, ತಪ್ಪು ನಂದು! ಮುದುಕಪ್ಪನ ಬಾಯಾಗ ಟವೆಲ್ ಅದ, ಬೇಕಾದ್ರ ಬಂದು ನೋಡವ್ವಾ!"

ಅವಳು ಪರದೆ ಸರಿಸಿ ಇಣುಕಿದಳು. ಬಿದ್ದು ಬಿದ್ದು ನಕ್ಕಳು. ಮಾಸ್ತರರು ಮೈಕಿನಲ್ಲಿ ಅಪ್ಪಣೆ ವಾಪಸು ಪಡೆದ ಮೇಲೆ ಮತ್ತೆ ಹಾಡಲು ಬಂದಳು. ಈ ಸಲ ಒಂದೊಂದು ಹಾಡು ಮುಗಿದಾಗಲೂ ಚಪ್ಪಾಳೆಯ ಸುರಿಮಳೆ.

ಕೊನೆಗೂ ಜೋಗುಳ ಬಂತು. ಮೊದಲ ಸ್ವರಕ್ಕೇ ಮಾಸ್ತರರ ಕಣ್ಣು ಮುಚ್ಚಿತು. ಟೀಚರು ಚಪ್ಪಲಿ ಕಳಚಿಟ್ಟು ಹಾರ್ಮೋನಿಯಂ ತುಳಿಯುತ್ತಿದ್ದದ್ದು, ಕಿಟಕಿಯಾಚೆಯ ಹುಣಸೆ ಗಿಡ, ಅದರ ಗಿಳಿಗಳು, ಎಲ್ಲ ಬಂದು ಎದುರು ನಿಂತವು. ಎಂಥ ಸುಖದ ದಿನಗಳು ಅವು! ಕಣ್ಣು ತೆರೆದಾಗ ಹಾಡು ಮುಗಿದು, ಜನ ಎದ್ದು ನಿಂತು ಇವರನ್ನೇ ನೋಡುತ್ತಿದ್ದರು.

"ಅಯ್ಯೋ, ಇಷ್ಟು ಲಗೂ ಮುಗೀತಾ? ಈ ಹುಡುಗಿ ದನೀನ ನೆನಪಿಲ್ಲಲ್ಲೋ ನನಗ!"

"ಚಿಂತಿ ಬಿಡ್ರಿ ಮಾಸ್ತರ. ಮೊಬೈಲ್‌ನ್ಯಾಗ ಪೂರಾ ಹಿಡದೀನಿ" ಎಂದರು ಮುದುಕಪ್ಪ.

ಮಾಸ್ತರರು ಫೋನನ್ನು ಕಿವಿಗೆ ಒತ್ತಿಕೊಂಡರು. ಮೊದಲ ಸಾಲು ಸ್ವಪ್ನಾಳದು. ಎರಡನೆಯದಕ್ಕೆ ಯಾವುದೋ ಒಡಕು ಗಂಟಲು ಅಡರಿಕೊಂಡಿತು, ಕಡೆಯವರೆಗೂ ಬಿಡಲಿಲ್ಲ. ಹುಡುಗಿಯ ದನಿ ಅದರಡಿ ಎಲ್ಲೋ ಹೂತುಹೋಗಿತ್ತು.

"ಯಾವನ್ರೀ ಅಂವ, ಕತ್ತಿ ಒದರಿದಂಗ ಒದರಾಕತ್ತಾನ! ಅವನ ಬಾಯಿ ಯಾರೂ ಮುಚ್ಚಿಸ್ಲಿಲ್ಲೇನು?"

"ಹೆಂಗ ಮುಚ್ಚಿಸೂದ್ರೀ ಮಾಸ್ತರ?" ಎಂದರು ಮುದುಕಪ್ಪ. "ಕಣ್ಣೀರು ಸುರಿಸ್ಕೋಂತ ಹಾಡಾಕತ್ತಿದ್ರಲ್ಲ ನೀವು."