ಕಿಟಕಿಯಮ್ಮನ ಗೈರುಹಾಜರಿ

ಕಿಟಕಿಯಮ್ಮನಿಂದ ಕಿಟಕಿಯನ್ನೇ ಕಿತ್ತುಕೊಂಡರೆ ಉಳಿಯುವುದೇನು, ನೀವೇ ಹೇಳಿ. ಬರೀ ಅಮ್ಮ. ಅದೂ ಕನ್ನಡಕದ ಅಂಗಡಿ ಇಟ್ಟಿದ್ದ ಒಬ್ಬನೇ ಮಗನಿಗೆ. ಅವನೋ, ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡಿ ಮನೆಗೆ ಬರುತ್ತಿದ್ದವನು, ಮನೆಯಲ್ಲಿ ಏನು ನಡೆದರೂ ತನಗೆ ಕಾಣಿಸಲಿಲ್ಲ ಎನ್ನುತ್ತಿದ್ದ.

ಆ ಹೆಸರನ್ನು ಇಟ್ಟದ್ದು ಬೀದಿಯವರು. ಮುಂದಿನ ಕೋಣೆಯ ದೊಡ್ಡ ಕಿಟಕಿಯ ಪಕ್ಕದಲ್ಲಿ, ತಮ್ಮ ಬೆತ್ತದ ಕುರ್ಚಿಯಲ್ಲಿ, ಆಕೆ ಬಂದು ಕೂತರೆಂದರೆ ಬೀದಿಗೆ ಬೆಳಗಾಯಿತು ಎಂದೇ ಲೆಕ್ಕ. ಎದುರು ಮಹಡಿಯ ಹಲ್ಲಿನ ಡಾಕ್ಟರ ಹತ್ತಿರ ಯಾರು ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು, ಯಾರು ಅರ್ಧ ಹತ್ತಿ ಧೈರ್ಯ ಸಾಲದೆ ಇಳಿದು ಓಡಿದರು, ಸೈಕಲ್ ಅಂಗಡಿಯವನ ಹೆಂಡತಿ ಯಾವ ದಿನ ಊಟದ ಡಬ್ಬಿಯನ್ನು ಮೆಲ್ಲಗೆ ಇಟ್ಟು ಹೋದಳು, ಯಾವ ದಿನ ಕುಕ್ಕಿ ಹೋದಳು, ಇವೆಲ್ಲ ಆಕೆಯ ಆಡಳಿತಕ್ಕೆ ಒಳಪಟ್ಟ ವಿಷಯಗಳು. (ಇದನ್ನು ಇಣುಕುವುದು ಎಂದು ಯಾರಾದರೂ ಅಂದರೆ ಆಕೆಗೆ ಕೆಂಡದಂಥ ಕೋಪ. ಬೀದಿಯ ಯೋಗಕ್ಷೇಮ ವಿಚಾರಿಸಿಕೊಳ್ಳುವುದು ಎನ್ನಬೇಕು.)

ಇಂಥ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದವಳು ಸ್ವಂತ ಸೊಸೆ. ಮಕ್ಕಳ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸಿಕೊಂಡು ತನ್ನ ಪಾಡಿಗೆ ತಾನಿದ್ದ ಹುಡುಗಿ, ಒಂದು ದಿನ ಊಟದ ನಡುವೆ ಕೈ ನಿಲ್ಲಿಸಿ ಹೇಳಿದಳು:

"ಅತ್ತೆ, ನಾನು ಮತ್ತೆ ಕಾಲೇಜಿಗೆ ಹೋಗ್ತೀನಿ. ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ. ಎರಡು ವರ್ಷ."

"ಅಲ್ವೇ, ಸೇಬು ಬರೆದ್ರೆ ಸೇಬಿನ ಥರಾನೇ ಕಾಣೋ ಹಾಗೆ ಬರೀತೀಯ. ಇನ್ನೇನೇ ಕಲಿಯೋದು ಅದರಲ್ಲಿ?"

"ಸೇಬಿನ ಥರ ಕಾಣದ ಹಾಗೆ ಬರೆಯೋದು ಕಲೀಬೇಕು ಅತ್ತೆ."

ಕಿಟಕಿಯಮ್ಮ ಮಗನ ಮುಖ ನೋಡಿದರು. ಮಗ ತಟ್ಟೆಯನ್ನು ನೋಡಿದ.

"ಕಲಿತು ಏನಾಗ್ತೀಯ?"

"ಆರ್ಟ್ ಕಾಲೇಜಲ್ಲಿ ಪಾಠ ಮಾಡಬಹುದು. ಮ್ಯೂಸಿಯಂನಲ್ಲಿ ಕೆಲಸ ಸಿಗಬಹುದು. ಪುಸ್ತಕಗಳಿಗೆ ಚಿತ್ರ ಬರೀಬಹುದು. ಇಲ್ಲಾಂದ್ರೆ ಮುಂದೆ ಸಂಶೋಧನೆ ಮಾಡಬಹುದು."

"ಸಂಶೋಧನೆ! ಯಾರು ಏನು ಕಳ್ಕೊಂಡಿದ್ದಾರೆ ಅಂತ ನೀನು ಹುಡುಕೋದು?"

"ಅಮ್ಮ ಹೇಳೋದೂ ಸರಿ, ಅವಳು ಹೇಳೋದೂ ಸರಿ" ಎಂದು ಮಗ, ಎಡಗಣ್ಣಿಗೊಂದು ಬಲಗಣ್ಣಿಗೊಂದು ಗಾಜು ಕೂರಿಸಿದ ಹಾಗೆ ತೀರ್ಪು ಕೊಟ್ಟು, ಕೈ ತೊಳೆಯಲು ಎದ್ದ.

ಓದಿಕೊಳ್ಳಲಿ, ಯಾರು ಬೇಡ ಎಂದರು? ಆದರೆ ಆ ಓದಿಗೆ ಪುಸ್ತಕ ಸಾಲದಂತೆ, ಗೋಡೆ ಬೇಕಂತೆ. ಗೋಡೆಯಿದ್ದರೆ ಸಾಲದಂತೆ, ಬೆಳಕು ಬೇಕಂತೆ. ಆ ಮನೆಯಲ್ಲಿ ದೊಡ್ಡ ಗೋಡೆ, ಒಳ್ಳೆಯ ಬೆಳಕು ಎರಡೂ ಇದ್ದದ್ದು ಮುಂದಿನ ಕೋಣೆಯಲ್ಲಿ ಮಾತ್ರ. ವಾರ ಕಳೆಯುವಷ್ಟರಲ್ಲಿ ಕಿಟಕಿಯಮ್ಮನ ಮಂಚ ಹಿಂದಿನ ಕೋಣೆಗೆ, ಬಟ್ಟೆ ಒಗೆಯುವ ಮೆಷೀನಿನ ಪಕ್ಕಕ್ಕೆ ಹೋಯಿತು. ಅಲ್ಲಿಯೂ ಒಂದು ಕಿಟಕಿಯಿತ್ತು ಅನ್ನಿ. ಅದರಿಂದ ಪಕ್ಕದ ಮನೆಯ ಗೋಡೆಯೂ ಆ ಗೋಡೆಯ ಮೇಲೊಂದು ಪೈಪೂ ಕಾಣುತ್ತಿದ್ದವು. ಪೈಪಿನ ಯೋಗಕ್ಷೇಮವನ್ನು ಎಷ್ಟು ದಿನ ವಿಚಾರಿಸಿಕೊಳ್ಳುವುದು? ಮೆಷೀನು ಬಟ್ಟೆ ಹಿಂಡಲು ಶುರು ಮಾಡಿತೆಂದರೆ ಮಂಚವೂ ಅದರ ಜೊತೆಗೆ ನಡುಗಿ, ಆಕೆ ಮಲಗಿದಲ್ಲೇ ಪ್ರಯಾಣ ಮಾಡುತ್ತಿದ್ದರು. ಬೆತ್ತದ ಕುರ್ಚಿ ಹಿಂದಿನ ಕೋಣೆಯ ಬಾಗಿಲಲ್ಲಿ ತೂರಲಿಲ್ಲ. ಅಡ್ಡ ಹಿಡಿದರು, ಉದ್ದ ಹಿಡಿದರು, ತಲೆಕೆಳಗು ಮಾಡಿದರು. ಕೊನೆಗೆ ಅದು ಮುಂದಿನ ಕೋಣೆಯಲ್ಲೇ ಉಳಿಯಿತು. ಅಲ್ಲೇ ಹೋಗಿ ಕೂರೋಣವೆಂದರೆ, ಕೆಲಸ ನಡೆಯುವ ಕೋಣೆಗೆ ಯಾರೂ ಬರಬಾರದಂತೆ. ಆಕೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು.

ಇಷ್ಟೆಲ್ಲ ಮಾಡಿ ಸೊಸೆ ಬರೆದದ್ದೇನು? ಏನೂ ಬರೆಯಲಿಲ್ಲ! ಉಜ್ಜಿದಳು. ಚಿಕ್ಕ ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ನಾಣ್ಯದ ಅಚ್ಚು ಮೂಡುವುದಿಲ್ಲವೇ, ಹಾಗೆ ದೊಡ್ಡ ದೊಡ್ಡ ಕಾಗದ ಹರಡಿ, ಇದ್ದಿಲ ಕಡ್ಡಿ ಹಿಡಿದು ಬಾಗಿಲು ಉಜ್ಜಿದಳು, ನೆಲ ಉಜ್ಜಿದಳು, ತರಕಾರಿ ಹೆಚ್ಚುವ ಮಣೆ ಉಜ್ಜಿದಳು. ಇದ್ದಿಲ ಪುಡಿ ಹಾರಿ ಹಾಲಿನ ಪಾತ್ರೆಯ ತನಕ ಬಂತು. ಬಿಳಿ ಬೆಕ್ಕು ಬೂದು ಬಣ್ಣಕ್ಕೆ ತಿರುಗಿತು. ಮಗ ಅಂಗಡಿಯಲ್ಲಿ ಗಿರಾಕಿಯ ಕನ್ನಡಕ ಒರೆಸಿ ಕೊಟ್ಟರೆ, ಆ ಗಿರಾಕಿ "ಮೋಡ ಆಗಿದೆಯಲ್ಲ" ಎಂದನಂತೆ.

"ಎರಡನೇ ಕ್ಲಾಸಿನ ಮಗು ಮಾಡೋದನ್ನ ಮಾಡೋಕೆ ಈ ಪದವಿ ಬೇಕಾ?" ಎಂದು ಕಿಟಕಿಯಮ್ಮ ಹಿಂದಿನ ಕೋಣೆಯಿಂದಲೇ ಕೂಗುತ್ತಿದ್ದರು. ಮೆಷೀನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಅತ್ತ ಬೀದಿಯವರು, "ನಿಮ್ಮ ತಾಯಿ ಕಾಣ್ತಾ ಇಲ್ಲ, ಆರೋಗ್ಯವಾಗಿದ್ದಾರಾ?" ಎಂದು ಮಗನನ್ನು ತಡೆದು ಕೇಳುವ ಹಾಗಾಯಿತು.

ವರ್ಷದ ಕೊನೆ ಬಂತು. ಸೊಸೆಗೆ ಊಟ ಸೇರದು, ನಿದ್ದೆ ಬಾರದು. ಏನೆಂದು ಕೇಳಿದರೆ, ವಿಮರ್ಶೆಯಂತೆ. ಮಾಡಿದ್ದನ್ನೆಲ್ಲ ಗೋಡೆಗೆ ತೂಗುಹಾಕಬೇಕು. ಮೇಷ್ಟರುಗಳು, ಜೊತೆಯ ವಿದ್ಯಾರ್ಥಿಗಳು ಸುತ್ತ ಕೂತು ಬಾಯಿಗೆ ಬಂದದ್ದು ಹೇಳುತ್ತಾರೆ. ಅವರು ಒಪ್ಪಿದರೆ ಎರಡನೇ ವರ್ಷ, ಇಲ್ಲದಿದ್ದರೆ ಮನೆ.

"ನೀನು ತಿರುಗಿಸಿ ನಾಲ್ಕು ಮಾತು ಹೇಳು. ನಂಗೆ ಹೇಳಲ್ವಾ, ಹಾಗೆ."

"ಮಾಡಿದೋರು ಮಾತಾಡೋ ಹಾಗಿಲ್ಲ ಅತ್ತೆ. ಅದೇ ನಿಯಮ. ಅವರು ಏನೇ ಅಂದ್ರೂ ಮುಗಿಯೋವರೆಗೂ ಬಾಯಿ ಬಿಡಬಾರದು."

ಕಿಟಕಿಯಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಸೊಸೆಯ ಬಾಯಿ ಮುಚ್ಚಿಸುವ ಕಾಲೇಜು! ಇಂಥದ್ದೊಂದು ಲೋಕದಲ್ಲಿದೆ ಎಂದು ಗೊತ್ತಿದ್ದರೆ, ಮದುವೆಗೆ ಮೊದಲೇ ಈ ಹುಡುಗಿಯನ್ನು ತಾವೇ ಕರೆದುಕೊಂಡು ಹೋಗಿ ಸೇರಿಸುತ್ತಿದ್ದರು.

"ನಾನೂ ಬರಬಹುದಾ?"

"ಬರಬಹುದು. ಆದ್ರೆ ಅತ್ತೆ..."

"ಆದ್ರೆ ಇಲ್ಲ, ಗೀದ್ರೆ ಇಲ್ಲ. ಒಂದು ಮಾತು ಕೊಡು. ಅವರು ಬೇಡ ಅಂದ್ರೆ ನನ್ನ ಕೋಣೆ ನಂಗೆ."

ಸೊಸೆ ಮುಖವೆತ್ತಿ ನೋಡಿದಳು. ಅವಳ ಕಣ್ಣಿನ ಸುತ್ತ ಇದ್ದಿಲಿನ ಕಪ್ಪೋ, ನಿದ್ದೆಗೆಟ್ಟ ಕಪ್ಪೋ ತಿಳಿಯುತ್ತಿರಲಿಲ್ಲ. "ಆಯ್ತು. ಅವರು ಬೇಡ ಅಂದ್ರೆ ಅದೇ ದಿನ ಖಾಲಿ ಮಾಡ್ತೀನಿ" ಎಂದಳು.

ಹೀಗೆ ಕಿಟಕಿಯಮ್ಮ, ಒಗೆದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಎದುರಾಳಿಯ ಸೋಲನ್ನು ಕಣ್ಣಾರೆ ಕಾಣಲು ಕಾಲೇಜಿಗೆ ದಯಮಾಡಿಸಿದರು. ಉದ್ದನೆಯ ಕೋಣೆ. ಬಣ್ಣ ಮೆತ್ತಿದ ಸ್ಟೂಲುಗಳು. ಗೋಡೆಯ ಮೇಲೆ ಅವರ ಮನೆಯ ಬಾಗಿಲು, ಅವರ ಮನೆಯ ನೆಲ, ಅವರದೇ ತರಕಾರಿ ಮಣೆ, ಎಲ್ಲ ಕಪ್ಪಗೆ ಮೂಡಿ ನೇತಾಡುತ್ತಿದ್ದವು. ನಡುವೆ ಎಲ್ಲಕ್ಕಿಂತ ದೊಡ್ಡದೊಂದು ಕಾಗದ. ಆಕೆ ಕಣ್ಣು ಕಿರಿದು ಮಾಡಿ ನೋಡಿದರು. ಬೆತ್ತದ ಹೆಣಿಗೆ. ಅಂಚಿನಲ್ಲಿ ಅಚ್ಚುಕಟ್ಟು, ನಡುವೆ ಬರುತ್ತ ಬರುತ್ತ ಸಡಿಲ, ಸರೀ ಮಧ್ಯದಲ್ಲಿ ಎಳೆಗಳೆಲ್ಲ ಜಗ್ಗಿ, ಹರಿದು, ಒಂದು ಮಹಾ ತಗ್ಗು. ಅದರ ಕೆಳಗೆ ಹೆಸರು: "ಗೈರುಹಾಜರಿ."

ತಮ್ಮ ಕುರ್ಚಿ! ತಾವು ಕೂರುವ ಜಾಗವನ್ನು ಹೀಗೆ ನಾಲ್ಕು ಜನರ ಮುಂದೆ ಗೋಡೆಗೆ ನೇತುಹಾಕಿದ್ದಾಳಲ್ಲ ಎಂದು ಕಿಟಕಿಯಮ್ಮನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ಆದರೂ ಸೋಲುವವಳ ಮೇಲೆ ಯಾಕೆ ಸಿಟ್ಟು ಎಂದು ನುಂಗಿಕೊಂಡು ಹಿಂದಿನ ಸ್ಟೂಲಿನಲ್ಲಿ ಕೂತರು.

ಗಡ್ಡದ ಮೇಷ್ಟ್ರು ಆ ಕಾಗದದ ಮುಂದೆ ಅತ್ತ ಇತ್ತ ನಡೆದು, ನಿಟ್ಟುಸಿರುಬಿಟ್ಟು, "ಇದರಲ್ಲಿ ಒಂದು ಸಾವಿದೆ" ಎಂದರು.

"ಹೌದು" ಎಂದರು ವಿಭಾಗದ ಮುಖ್ಯಸ್ಥೆ ಮೇಡಂ. "ಅಜ್ಜಿಯೋ, ಅತ್ತೆಯೋ, ಯಾರೋ ತೀರಿಹೋಗಿದ್ದಾರೆ."

"ಪಾಪ, ತುಂಬಾ ದಿನ ನರಳಿದಾರೆ ಅನ್ಸುತ್ತೆ" ಎಂದಳು ಒಬ್ಬ ವಿದ್ಯಾರ್ಥಿನಿ.

ಯಾರಪ್ಪಾ ಸತ್ತವರು ಎಂದು ಕಿಟಕಿಯಮ್ಮ ಅಕ್ಕಪಕ್ಕ ನೋಡಿದರು. ಆಮೇಲೆ ಹೊಳೆಯಿತು. (ತಾವು ಹೋದ ಸುದ್ದಿಯನ್ನು ತಾವೇ ಕೂತು ಕೇಳುವ ಭಾಗ್ಯ ಎಷ್ಟು ಜನಕ್ಕಿದ್ದೀತು?)

ಸೊಸೆ ಗೋಡೆಗೆ ಒರಗಿ, ತುಟಿ ಬಿಗಿದು ನಿಂತಿದ್ದಳು. "ಬದುಕಿದ್ದಾರೆ" ಎಂಬ ಒಂದೇ ಮಾತು ಹೇಳಲೂ ಅವಳಿಗೆ ಅಪ್ಪಣೆಯಿಲ್ಲ.

"ಆದರೆ ಅಗ್ಗದ ದುಃಖ ಕಣ್ರೀ" ಎಂದು ಮೇಷ್ಟ್ರು ಮುಂದುವರಿಸಿದರು. "ಮೊದಲನೇ ವರ್ಷದಲ್ಲಿ ಎಲ್ಲರೂ ಒಬ್ಬ ಮುದುಕಿಯನ್ನ ಸಾಯಿಸಿಬಿಡ್ತಾರೆ. ಖಾಲಿ ಕುರ್ಚಿ, ಕಣ್ಣೀರು, ಮುಗೀತು. ಇದರ ಮೇಲೆ ಇನ್ನೊಂದು ವರ್ಷ ಕಟ್ಟೋಕೆ ಆಗುತ್ತಾ? ನಂಗೇನೋ ಅನುಮಾನ."

ಮೇಡಂ ತಲೆಯಾಡಿಸಿದರು. ಕಿಟಕಿ ಕೈಗೆ ಸಿಕ್ಕೇ ಸಿಕ್ಕಿತು! ಇನ್ನೊಂದು ಗಳಿಗೆ ಬಾಯಿ ಬಿಗಿಹಿಡಿದರೆ ಸಾಕು. ಸಂಜೆಗೆ ಕುರ್ಚಿ, ನಾಳೆ ಬೆಳಿಗ್ಗೆ ಹಲ್ಲಿನ ಡಾಕ್ಟರ ಮೆಟ್ಟಿಲು. ಸೊಸೆ ಅಂಗೈಯಿಂದ ಕಣ್ಣೊರೆಸಿಕೊಂಡಳು. ಅದನ್ನು ನೋಡಬಾರದೆಂದು ಕಿಟಕಿಯಮ್ಮ ಚಪ್ಪಲಿ ನೋಡಿದರು. ಸತ್ತವರ ಸಾಲಿಗೆ ಸೇರಿಸಿದ್ದನ್ನೂ ಸಹಿಸಿಕೊಂಡರು. ಅಷ್ಟರಲ್ಲಿ ಮೇಷ್ಟ್ರು ಆ ತಗ್ಗಿನ ಮೇಲೆ ಬೆರಳಿಟ್ಟರು.

"ಇದು ನೋಡಿ, ಸುಳ್ಳು. ಉತ್ಪ್ರೇಕ್ಷೆ. ಒಬ್ಬ ಮನುಷ್ಯ ಕೂತು ಕುರ್ಚಿಯನ್ನ ಈ ಗತಿಗೆ ತರೋಕೆ ಸಾಧ್ಯಾನೇ ಇಲ್ಲ. ಈ ಹುಡುಗಿ ಸುಮ್ಮನೆ ಕಲ್ಪಿಸಿಕೊಂಡು ಬಳಿದಿದ್ದಾಳೆ."

"ಯಾರಯ್ಯಾ ಅದು, ನಮ್ಮ ಹುಡುಗೀನ ಸುಳ್ಳಿ ಅನ್ನೋನು?"

ಸ್ಟೂಲು ಹಿಂದಕ್ಕೆ ಬಿತ್ತು. ಎಲ್ಲರೂ ತಿರುಗಿದರು.

"ಅಮ್ಮ, ತಾವು...?" ಎಂದರು ಮೇಡಂ.

"ನಾನಾ? ಸತ್ತೋಳು!"

ಮೇಷ್ಟ್ರು ಕಾಗದದಿಂದ ಬೆರಳು ತೆಗೆದರು.

"ನೀವೆಲ್ಲ ಸೇರಿ ಈಗ ತಾನೇ ಸಾಯಿಸಿದ್ರಲ್ಲ, ಅವಳು ನಾನೇ. ಆ ತಗ್ಗೂ ನಂದೇ. ಸುಳ್ಳಂತೆ! ವರ್ಷಗಟ್ಟಲೆ ಕೂತು ಮಾಡಿದ್ದೀನಿ ಅದನ್ನ. ಎಡಗಡೆ ಜಾಸ್ತಿ ಜಗ್ಗಿದೆಯಲ್ಲ, ಯಾಕೆ ಹೇಳಿ? ಹಲ್ಲಿನ ಡಾಕ್ಟರ ಮೆಟ್ಟಿಲು ಎಡಗಡೆ ಇದೆ. ವಾಲದೇ ಇದ್ರೆ ಕಾಣಲ್ಲ! ಅವಳು ಒಂದು ಎಳೆ ಹೆಚ್ಚಿಗೆ ಹಾಕಿಲ್ಲ, ಒಂದು ಎಳೆ ಕಮ್ಮಿ ಮಾಡಿಲ್ಲ. ಅನುಮಾನ ಇದ್ರೆ ಕುರ್ಚಿ ತರಿಸಿ, ಕೂತು ತೋರಿಸ್ತೀನಿ."

ಮೇಷ್ಟ್ರು ಬಗ್ಗಿ ಎಡಗಡೆಯ ಎಳೆಗಳನ್ನು ಎಣಿಸತೊಡಗಿದರು. ಮೇಡಂ ಮಾತ್ರ ಮೆಲ್ಲಗೆ ಕೇಳಿದರು: "ಹಾಗಿದ್ರೆ ಈಗ ಯಾಕೆ ಅಲ್ಲಿ ಕೂರಲ್ಲ ತಾವು?"

ಕೇಳುವವರು ಸಿಕ್ಕರು ನೋಡಿ! ಕಿಟಕಿಯಮ್ಮ ಮಂಚ ಹೋದದ್ದರಿಂದ ಶುರು ಮಾಡಿದರು. ಮೆಷೀನು, ಪೈಪು, ಬೂದು ಬೆಕ್ಕು, ಬಾಗಿಲಲ್ಲಿ ತೂರದ ಕುರ್ಚಿ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನೋಡಿದರೆ ಮುಂದಿದ್ದವರೆಲ್ಲ ಗುರುವಿನ ಮುಂದೆ ಕೂತ ಹಾಗೆ ಬರೆದುಕೊಳ್ಳುತ್ತಿದ್ದಾರೆ.

ಮೇಡಂ ಸೊಸೆಯ ಕಡೆ ತಿರುಗಿದರು. "ಈಗ ನೀನು ಮಾತಾಡಬಹುದು. ಕುರ್ಚಿಯನ್ನೇ ಯಾಕೆ ಆರಿಸಿಕೊಂಡೆ?"

"ಅತ್ತೆ ಆ ಕೋಣೆ ಬಿಟ್ಟ ಮೇಲೆ ನಂಗಲ್ಲಿ ಕೆಲಸಾನೇ ಸಾಗ್ತಿರಲಿಲ್ಲ ಮೇಡಂ" ಎಂದಳು ಸೊಸೆ, ನೆಲ ನೋಡುತ್ತ. "ಖಾಲಿ ಕುರ್ಚಿ ಕೂತ್ಕೊಂಡು ಬೈತಿರೋ ಹಾಗೆ ಅನ್ನಿಸ್ತಿತ್ತು. ಬೆನ್ನು ಮಾಡಿ ಕೂತೆ. ಆಗಲೂ ಬೈತಿತ್ತು. ಕೊನೆಗೆ ಅದರ ಮೇಲೇ ಕಾಗದ ಹರಡಿದೆ."

ಕಿಟಕಿಯಮ್ಮ ಬಿದ್ದಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದರು. ಮೇಷ್ಟ್ರು ಒಮ್ಮೆ ಕಾಗದವನ್ನು, ಒಮ್ಮೆ ಕಿಟಕಿಯಮ್ಮನನ್ನು ನೋಡಿ, "ಬದುಕಿರೋರ ಗೈರುಹಾಜರಿ!" ಎಂದು ತೊಡೆ ತಟ್ಟಿದರು. "ಅಲ್ರೀ, ಇದು ಬೇರೇನೇ ಆಯ್ತಲ್ಲ! ಇದರ ಮೇಲೆ ಒಂದು ವರ್ಷ ಏನು, ಹತ್ತು ವರ್ಷ ಕಟ್ಟಬಹುದು."

ಸೊಸೆ ಎರಡನೇ ವರ್ಷಕ್ಕೆ ಪಾಸಾದಳು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯಮ್ಮನಿಗೆ ನೆಲದ ಮೇಲೆ ಕಾಲಿರಲಿಲ್ಲ. "ಹೇಗೆ ಕೊಟ್ಟೆ ನೋಡು ಗಡ್ಡಕ್ಕೆ!" ಎಂದು ಸಿಕ್ಕಸಿಕ್ಕವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಇಳಿಯುವ ನಿಲ್ದಾಣ ಬಂದಾಗ ನೆನಪಾಯಿತು.

"ಅಲ್ಲಾ ಕಣೇ, ಗೆದ್ದೆವಲ್ಲ. ಇನ್ನು ನಾನು ನನ್ನ ಕುರ್ಚೀಲಿ ಕೂರಬಹುದು ತಾನೇ? ಒಂದು ಮೂಲೇಲಿ ಇರ್ತೀನಿ, ನೀನು ಉಜ್ಜಿಕೋ."

ಸೊಸೆ ಆಕೆಯ ಕೈ ಹಿಡಿದುಕೊಂಡಳು. "ಅದೇ ತೊಂದರೆ ಆಗಿರೋದು ಅತ್ತೆ. ನೀವು ಕೂತರೆ ಗೈರುಹಾಜರಿ ಎಲ್ಲಿರುತ್ತೆ? ಪದವಿ ಮುಗಿಯೋವರೆಗೂ ಆ ಕುರ್ಚಿ ಖಾಲಿ ಇರಬೇಕು ಅಂದಿದ್ದಾರೆ ಮೇಡಂ."

"ಮುಗಿದ ಮೇಲೆ?"

"ಮುಗಿದ ಮೇಲೆ ಸಂಶೋಧನೆಗೂ ಇದೇ ವಿಷಯ ತಗೋ ಅಂದ್ರು."

ಮಗನಲ್ಲಿ ದೂರು ಕೊಟ್ಟದ್ದಾಯಿತು. ಇಬ್ಬರೂ ಹೇಳುವುದು ಸರಿ ಎಂದು ತಿಳಿದುಬಂತು.

ಸ್ವಲ್ಪ ದಿನದ ಮೇಲೆ ಕಾಲೇಜಿನವರು ಆ ಕೋಣೆಯನ್ನು ನೋಡಲು ಮನೆಗೇ ಬಂದರು. ಕಿಟಕಿಯಮ್ಮ ಒಳ್ಳೆಯ ಕಪ್ಪುಗಳನ್ನು ತೆಗೆದು, ಚಹಾ ಮಾಡಿ, ಟ್ರೇ ಹಿಡಿದು ಬಂದರೆ, ಎಲ್ಲರೂ ಬೆತ್ತದ ಕುರ್ಚಿಯ ಸುತ್ತ ಕೈಕಟ್ಟಿ ಮೌನವಾಗಿ ನಿಂತಿದ್ದಾರೆ. ಒಬ್ಬರಿಗೂ ಕಪ್ಪು ತೆಗೆದುಕೊಳ್ಳುವ ಪರಿವೆಯಿಲ್ಲ. ಅಷ್ಟರಲ್ಲಿ ಹೊರಗೆ ಯಾರೋ "ಅಯ್ಯಯ್ಯೋ" ಎನ್ನುತ್ತ ಹಲ್ಲಿನ ಡಾಕ್ಟರ ಮೆಟ್ಟಿಲು ಇಳಿಯುವ ಸದ್ದಾಯಿತು. ಎಷ್ಟು ತಿಂಗಳಾಗಿತ್ತು! ಕಿಟಕಿಯಮ್ಮ ಟ್ರೇ ಹಿಡಿದುಕೊಂಡೇ ಕುರ್ಚಿಯ ಪಕ್ಕಕ್ಕೆ ಸರಿದು, ಎಡಕ್ಕೆ ವಾಲಿ, ಕಿಟಕಿಯಿಂದ ಅರ್ಧ ಮುಖ ಹೊರಗೆ ಹಾಕಿದರು.

ಹಿಂದಿನಿಂದ ಗಡ್ಡದ ಮೇಷ್ಟ್ರು ಬಹಳ ವಿನಯದಿಂದ ಕೆಮ್ಮಿದರು.

"ತಪ್ಪು ತಿಳ್ಕೋಬೇಡಿ ಅಮ್ಮ, ಒಂಚೂರು ಈ ಕಡೆ ಬರ್ತೀರಾ? ನಿಮ್ಮ ಗೈರುಹಾಜರಿಗೆ ನೀವೇ ಅಡ್ಡ ನಿಂತಿದ್ದೀರಿ."