ಮಾವನ ಮನೆಯ ಪೈಪಿಗೆ ಭೂಕಂಪ

ಪೈಪುಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವಿಶಾಖಪಟ್ಟಣದ ಋಷಿಕೊಂಡದಲ್ಲಿ, ಗುಡ್ಡದ ಮೇಲಿನ ಆಫೀಸಿನಲ್ಲಿ ಕೂತು, ಕಾರ್ಖಾನೆಯ ಪೈಪುಗಳು ಬಿಸಿ, ಗಾಳಿ, ಭೂಕಂಪಗಳನ್ನು ತಡೆದುಕೊಳ್ಳುತ್ತವೆಯೇ ಎಂದು ಕಂಪ್ಯೂಟರಿನಲ್ಲಿ ಪರೀಕ್ಷಿಸುವುದೇ ನನ್ನ ಉದ್ಯೋಗ. ಅಚ್ಯುತಾಪುರಂ ಕಾರ್ಖಾನೆಗಳ ಎಷ್ಟೋ ಪೈಪುಗಳು ನನ್ನ ಅಪ್ಪಣೆ ಪಡೆದೇ ನೆಟ್ಟಗೆ ನಿಂತಿವೆ. ಇನ್ನು ಮಾವನ ಮನೆಯ ಸ್ನಾನದ ನೀರಿನ ಪೈಪು ಯಾವ ಲೆಕ್ಕ?

ನಾನು ದಾವಣಗೆರೆಯವನು. ಹೆಂಡತಿ ಶಿರೀಷಾ ವಿಜಯವಾಡದವಳು. ಈಗ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ತಂಗಿಯ ನಿಶ್ಚಿತಾರ್ಥಕ್ಕೆಂದು ನಾವು ಸ್ವಲ್ಪ ಮುಂಚಿತವಾಗಿಯೇ ವಿಜಯವಾಡಕ್ಕೆ ಹೋಗಿದ್ದೆವು. ಮಾವ ತಾರಸಿಯ ಮೇಲೆ ಹೊಸದಾಗಿ ಸೋಲಾರ್ ಹೀಟರ್ ಹಾಕಿಸಿದ್ದರು. ಅದರ ಪ್ಲಾಸ್ಟಿಕ್ ಪೈಪು ಪ್ಯಾರಾಪೆಟ್ ಗೋಡೆಯುದ್ದಕ್ಕೂ ಸಾಗಿ ಬಚ್ಚಲುಮನೆಗೆ ಇಳಿಯುತ್ತಿತ್ತು. ಒಂದು ಬೆರಳಿನಿಂದ ತಳ್ಳಿ ನೋಡಿದೆ. ಅಲುಗಾಡಿತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆದರೂ ಕೊಟ್ಟೆ.

ಭೂಕಂಪವಾದರೆ ಈ ಪೈಪು ಉಳಿಯುವುದಿಲ್ಲ ಎಂದೆ. ಮಾವ ನಿವೃತ್ತ ಹೆಡ್‌ಮಾಸ್ಟರು, ಮಹಾ ಸಂಭಾವಿತರು. ತಮ್ಮ ಜೀವಮಾನದಲ್ಲಿ ಮಂಚದಿಂದ ಬೀಳಿಸುವಂಥ ಭೂಕಂಪವನ್ನೂ ಕಂಡಿಲ್ಲವೆಂದು ಹೇಳಿ, ಅಳಿಯನ ಮುಖ ನೋಡಿ, "ಅಲ್ಲುಡುಗಾರು ಹೇಳಿದ ಮೇಲೆ ಸರಿಯೇ ಇರುತ್ತೆ" ಎಂದು ಒಪ್ಪಿಕೊಂಡರು.

ಟೇಪು ಹಿಡಿದು ಪೈಪನ್ನು ಅಳೆದೆ. ಲ್ಯಾಪ್‌ಟಾಪಿನಲ್ಲಿ ಅದರ ನಕ್ಷೆ ಕಟ್ಟಿದೆ. ಭೂಕಂಪವು ಪೈಪನ್ನು ಅದರ ತೂಕದ ಎಷ್ಟು ಪಾಲು ಬಲದಿಂದ ಅಡ್ಡಕ್ಕೆ ಎಳೆಯುತ್ತದೆ ಎಂದು ಸಾಫ್ಟ್‌ವೇರು ಕೇಳಿತು. ಥಟ್ಟನೆ ಟೈಪು ಮಾಡಿದೆ. ನೀರಿನ ಬಿಸಿ ಎಷ್ಟು ಎಂದೂ ಕೇಳಿತು. ಕುದಿಯುವ ರಾಸಾಯನಿಕಗಳನ್ನು ಪಳಗಿಸಿದವನಿಗೆ ಸ್ನಾನದ ನೀರಿನದೂ ಒಂದು ಬಿಸಿಯೇ? ಆ ಜಾಗವನ್ನು ಖಾಲಿ ಬಿಟ್ಟೆ.

ಉತ್ತರ ಭಯಂಕರವಾಗಿತ್ತು. ತೆರೆಯ ಮೇಲೆ ಪೈಪು ತುದಿಯಿಂದ ತುದಿಗೆ ಕೆಂಪಾಗಿ, ಮೈಮೇಲೆ ದೇವರು ಬಂದಂತೆ ಕುಣಿಯಿತು. ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಅವರ ಗಾಬರಿ ಕಂಡು ನನ್ನ ಆತ್ಮವಿಶ್ವಾಸ ಇನ್ನಷ್ಟು ಹೆಚ್ಚಿತು.

ಅಂಗಡಿಯಿಂದ ಚೀಲದ ತುಂಬ ಕ್ಲ್ಯಾಂಪು ತಂದೆ. ಮೊದಲು ನೀರು ನಿಲ್ಲಿಸಿ, ಮಧ್ಯಾಹ್ನವೆಲ್ಲ ಗೋಡೆ ಕೊರೆದು, ಗೇಣಿಗೊಂದರಂತೆ ಬಿಗಿದೆ. ಪೈಪು ಕೂದಲೆಳೆಯಷ್ಟೂ ಅಲುಗದಂತಾಯಿತು. ಅದರ ಬಿಗಿ ಕಂಡು ನನಗೇ ಹೆಮ್ಮೆಯಾಯಿತು.

ನಿಶ್ಚಿತಾರ್ಥದ ಬೆಳಿಗ್ಗೆ ಬಂದಿಳಿದ ಬೀಗರಿಗೆ ಸ್ನಾನದ ನೀರು ಬೇಕಾಯಿತು. ವಾಲ್ವ್ ತಿರುಗಿಸುವ ಗೌರವ ನನ್ನದೇ. ಸುಡುವ ನೀರು ತಣ್ಣಗಿದ್ದ ಪೈಪಿಗೆ ನುಗ್ಗಿತು. ಬಿಸಿಯಾದ ಪೈಪು ಉದ್ದವಾಗಲು ನೋಡಿತು; ನನ್ನ ಕ್ಲ್ಯಾಂಪುಗಳು ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಹಟ ಹಿಡಿದರು. ಕೊನೆಗೆ ತಿರುವಿನಲ್ಲಿದ್ದ ಎಲ್ಬೋ ಫಟ್ಟನೆ ಒಡೆಯಿತು. ಬಿಸಿನೀರೆಲ್ಲ ಧಾರೆಯಾಗಿ ಇಳಿದು ಅಂಗಳದ ಹೂವಿನ ಮಂಟಪವನ್ನು ಬೇಯಿಸಿತು. ಬಚ್ಚಲುಮನೆಯಲ್ಲಿ ಹುಡುಗನ ದೊಡ್ಡಪ್ಪ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದರು.

ಕುಡಿಯುವ ನೀರಿನ ಕ್ಯಾನು ಒಳಗೆ ಕಳಿಸಿ ಅವರನ್ನು ಹೊರಗೆ ತಂದೆವು. ಕಿವಿಯಲ್ಲಿ ಇನ್ನೂ ನೊರೆಯಿತ್ತು. ಈ ಕೆಲಸ ಮಾಡಿದವರು ಯಾರು ಎಂದು ಅವರು ಮಾವನನ್ನು ಕೇಳಿದರು. ಶಿರೀಷಾಳ ತಂಗಿ ಅಳು ನುಂಗಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಾವ ನನ್ನತ್ತ ಒಮ್ಮೆ ನೋಡಿ, ಯಾರೋ ಹೊರಗಿನವರು ಎಂದುಬಿಟ್ಟರು. ದೊಡ್ಡಪ್ಪ ಆ ಹೊರಗಿನವನನ್ನು ಸಾಕಷ್ಟು ಬೈದು ಸಮಾಧಾನಗೊಂಡರು. ನಾನೂ ತಲೆಯಾಡಿಸಿದೆ. ಹೊಸ ಹೂವು ತರಿಸಿದೆವು, ಉಂಗುರ ಬದಲಾಯಿಸಿಕೊಂಡದ್ದೂ ಆಯಿತು.

ಊಟವಾದ ಮೇಲೆ ಶಿರೀಷಾ ಲ್ಯಾಪ್‌ಟಾಪಿನ ಮುಂದೆ ಕೂತಳು.

"ರೀ, ಈ ಒಂದು ಪಾಯಿಂಟ್ ಆರು ಏನು?"

"ಭೂಕಂಪ ಪೈಪನ್ನು ಎಳೆಯೋ ಬಲ. ಅದರ ತೂಕದ ಒಂದು ಪಾಲು."

"ಇದು ಪಾಲಲ್ಲ, ತೂಕಕ್ಕಿಂತ ಜಾಸ್ತಿ."

ಬಗ್ಗಿ ನೋಡಿದೆ. ನಾನು ಹಾಕಬೇಕಿದ್ದದ್ದು ಸೊನ್ನೆ ಪಾಯಿಂಟ್ ಒಂದು ಆರು.

"ಇಷ್ಟು ದೊಡ್ಡ ಭೂಕಂಪ ಬಂದ್ರೆ ಮನೆ ನಿಲ್ಲುತ್ತಾ?"

"ನಿಲ್ಲಲ್ಲ."

"ಮತ್ತೆ ಬಿಸಿನೀರು ಯಾರಿಗೆ?"

ಆ ಪ್ರಶ್ನೆಯನ್ನು ಸಾಫ್ಟ್‌ವೇರು ಕೇಳಿರಲಿಲ್ಲ.

ಈಗ ಮಾವ ಹೊಸ ನೆಂಟರಿಗೆಲ್ಲ, ನಮ್ಮ ದೊಡ್ಡಳಿಯ ಬ್ಯಾಂಕಿನಲ್ಲಿದ್ದಾರೆ ಎಂದು ನನ್ನನ್ನು ಪರಿಚಯಿಸುತ್ತಾರೆ. ಯಾವ ಬ್ರಾಂಚು ಎಂದು ಕೇಳಿದವರಿಗೆ ನಾನು ಋಷಿಕೊಂಡ ಎನ್ನುತ್ತೇನೆ.